ಮಧ್ಯಮ ಗಾತ್ರದ ಸ್ಕೂಟರ್: ಪವರ್, ಪಿಕಪ್, ಮೈಲೇಜ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕೂಟರಿನ ಸ್ಪೆಸಿಫಿಕೇಶನ್ ಹಾಳೆ ಕೈಗೆ ಬಂದರೆ ಎಲ್ಲರ ಕಣ್ಣು ಮೊದಲು ಹೋಗುವುದು ಸಿಸಿ ಮತ್ತು ಟಾಪ್ ಸ್ಪೀಡ್ ಕಡೆಗೆ. ಆ ಎರಡು ಅಂಕಿಗಳಿಂದ ಗೊತ್ತಾಗುವುದು ತೀರಾ ಕಡಿಮೆ. ಪವರ್ ಎಷ್ಟು ಅಂತ ನೋಡಿದರೆ ಅದು ಯಾವ ಆರ್‌ಪಿಎಂನಲ್ಲಿ (ಇಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ಅಂತಲೂ ನೋಡಬೇಕು. ತೂಕ ನೋಡಿದರೆ ಹಿಂದೆ ಯಾರು ಕೂರುತ್ತಾರೆ ಅಂತ ಯೋಚಿಸಬೇಕು. ಟ್ಯಾಂಕ್ ನೋಡಿದರೆ ಮೈಲೇಜ್ ಜೊತೆಗೆ ಗುಣಿಸಬೇಕು. ಹೀಗೆ ಅಂಕಿಗಳನ್ನು ಜೋಡಿ ಮಾಡಿ ಓದುವುದು ಹೇಗೆ ಅನ್ನುವುದೇ ಕೆಳಗಿನ ಹೆಚ್ಚಿನ ಉತ್ತರಗಳ ವಿಷಯ.

ಮಧ್ಯಮ ಗಾತ್ರ ಅಂದರೆ ಎಷ್ಟು ಸಿಸಿ?

ಬರೆದಿಟ್ಟ ಗಡಿ ಏನೂ ಇಲ್ಲ. ರೂಢಿಯಲ್ಲಿ 150ರಿಂದ 400 ಸಿಸಿವರೆಗಿನ ಸ್ಕೂಟರುಗಳನ್ನು ಹೀಗೆ ಕರೆಯುತ್ತಾರೆ. ಅದಕ್ಕಿಂತ ಕೆಳಗಿನವು ಊರೊಳಗಿನ ಓಡಾಟಕ್ಕೆ. ಮೇಲಿನವು ಯಮಹಾ ಟಿಮ್ಯಾಕ್ಸ್ ತರಹದ ದೊಡ್ಡ ಗಾಡಿಗಳು. ಅದು 2001ರಲ್ಲಿ ಬಂದಾಗಲೇ 500 ಸಿಸಿ ಇತ್ತು.

ಈ ನಡುವಿನ ವರ್ಗ ನಿನ್ನೆ ಮೊನ್ನೆಯದಲ್ಲ. 244 ಸಿಸಿಯ ಹೋಂಡಾ ಹೀಲಿಕ್ಸ್ 1986ರಲ್ಲೇ ಬಂತು. ಯಮಹಾ ಮೆಜೆಸ್ಟಿ 250 ಬಂದಿದ್ದು 1995ರಲ್ಲಿ, ಸುಜುಕಿ ಬರ್ಗ್‌ಮನ್ 400 ಬಂದಿದ್ದು 1998ರಲ್ಲಿ. ಈಗಿನವುಗಳಲ್ಲಿ ಯಮಹಾ ಏರಾಕ್ಸ್ 155, ಹೋಂಡಾ ಪಿಸಿಎಕ್ಸ್ 160, ವೆಸ್ಪಾ ಜಿಟಿಎಸ್ 300, ಯಮಹಾ ಎಕ್ಸ್‌ಮ್ಯಾಕ್ಸ್ 300, ಹೋಂಡಾ ಫೋರ್ಜಾ 350, ಬಿಎಂಡಬ್ಲ್ಯು ಸಿ 400 ಮುಖ್ಯವಾದವು.

ಇವೆಲ್ಲ ಒಂದೇ ಜಾತಿ ಅಂದುಕೊಳ್ಳಬೇಡಿ. 155 ಸಿಸಿಯದು ಚುರುಕಾದ ಊರಿನ ಸ್ಕೂಟರ್, ಹೆದ್ದಾರಿಗೂ ಹೋಗಬಲ್ಲದು. 300 ಸಿಸಿಯದು ಹೆದ್ದಾರಿಯ ಗಾಡಿ, ಊರೊಳಗೂ ನುಗ್ಗಬಲ್ಲದು. ಇನ್ನೊಂದು ಮಾತು, ಬರೀ ಹೆಸರು ನಂಬಬೇಡಿ. ಬರ್ಗ್‌ಮನ್ ಅನ್ನುವ ಒಂದೇ ಹೆಸರಿನಲ್ಲಿ 125 ಸಿಸಿಯದೂ ಇದೆ, 400 ಸಿಸಿಯದೂ ಇದೆ.

ಸಿಸಿ ಜಾಸ್ತಿ ಇದ್ದರೆ ಪವರ್ ಜಾಸ್ತಿ ಅಂತಾನಾ?

ಸಾಮಾನ್ಯವಾಗಿ ಹೌದು, ಯಾವಾಗಲೂ ಅಲ್ಲ. ಸಿಸಿ ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಜಾಗದ ಅಳತೆ, ಅಷ್ಟೇ. ಬೇಕಾದರೆ ನೀವೇ ಲೆಕ್ಕ ಹಾಕಿ. ಎಕ್ಸ್‌ಮ್ಯಾಕ್ಸ್ 300ರ ಬೋರ್ (ಸಿಲಿಂಡರಿನ ವ್ಯಾಸ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ಉದ್ದ) 75.9 ಮಿ.ಮೀ. 70ನ್ನು 70ರಿಂದ ಗುಣಿಸಿ, 0.7854ರಿಂದ ಗುಣಿಸಿ, ಆಮೇಲೆ 75.9ರಿಂದ ಗುಣಿಸಿ, 1000ದಿಂದ ಭಾಗಿಸಿ. 292 ಬರುತ್ತದೆ. ಹೆಸರಲ್ಲಿ 300, ಹಾಳೆಯಲ್ಲಿ 292.

ಅಷ್ಟು ಜಾಗದಲ್ಲಿ ಎಷ್ಟು ಗಾಳಿ ಪೆಟ್ರೋಲ್ ಚೆನ್ನಾಗಿ ಉರಿಯುತ್ತದೆ, ನಿಮಿಷಕ್ಕೆ ಎಷ್ಟು ಸಲ ಉರಿಯುತ್ತದೆ ಅನ್ನುವುದರ ಮೇಲೆ ಪವರ್ ನಿಂತಿದೆ. ವಾಲ್ವ್ ಎರಡೋ ನಾಲ್ಕೋ, ಕಂಪ್ರೆಷನ್ (ಉರಿಯುವ ಮೊದಲು ಗಾಳಿ ಪೆಟ್ರೋಲನ್ನು ಅಮುಕುವ ಪ್ರಮಾಣ) ಎಷ್ಟು, ಕೂಲಿಂಗ್ ಹೇಗೆ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಕೆಲವು ಕಡೆ ಕಾನೂನೇ ಅಂಕಿಯನ್ನು ಹಿಡಿದು ನಿಲ್ಲಿಸಿರುತ್ತದೆ. ಯುರೋಪಿನ ಎ1 ಲೈಸೆನ್ಸಿಗೆ 125 ಸಿಸಿ, 11 ಕಿಲೋವ್ಯಾಟ್ ಮಿತಿ. ಅಲ್ಲಿನ ಜೋರಾದ 125 ಸ್ಕೂಟರುಗಳೆಲ್ಲ ಸರಿಯಾಗಿ 15 ಪಿಎಸ್ (ಅಂದರೆ ಅದೇ 11 ಕಿಲೋವ್ಯಾಟ್) ಹತ್ತಿರವೇ ನಿಲ್ಲುವುದು ಇದಕ್ಕೇ. ಅದರ ಮೇಲಿನ ಎ2 ಲೈಸೆನ್ಸಿಗೆ 35 ಕಿಲೋವ್ಯಾಟ್ ಮಿತಿ ಇದೆ. 300–400 ಸಿಸಿ ಸ್ಕೂಟರುಗಳು ಅದರೊಳಗೆ ಆರಾಮವಾಗಿ ಕೂರುತ್ತವೆ.

ಪಿಎಸ್, ಎಚ್‌ಪಿ, ಕಿಲೋವ್ಯಾಟ್ – ಒಂದೊಂದು ಕಂಪನಿ ಒಂದೊಂದು ಬರೆಯುತ್ತದಲ್ಲ?

ಎಲ್ಲವನ್ನೂ ಕಿಲೋವ್ಯಾಟಿಗೆ ತಂದುಕೊಂಡರೆ ತಲೆನೋವಿಲ್ಲ. ಒಂದು ಕಿಲೋವ್ಯಾಟ್ ಅಂದರೆ 1.36 ಪಿಎಸ್ ಅಥವಾ 1.34 ಎಚ್‌ಪಿ. 20.6 ಕಿಲೋವ್ಯಾಟ್ ಅಂದರೆ 28 ಪಿಎಸ್, ಅದೇ 27.6 ಎಚ್‌ಪಿ. ಗಾಡಿ ಒಂದೇ, ಬರೆದ ಅಂಕಿ ಬೇರೆ.

ಪವರ್ ಮುಖ್ಯನಾ, ಟಾರ್ಕ್ ಮುಖ್ಯನಾ?

ಈ ಜಗಳಕ್ಕೆ ಕೊನೆಯೇ ಇಲ್ಲ. ಟಾರ್ಕ್ ಅಂದರೆ ಇಂಜಿನ್ ತಿರುಗಿಸುವ ಬಲ, ಪವರ್ ಅಂದರೆ ಆ ಬಲದಿಂದ ಎಷ್ಟು ಬೇಗ ಕೆಲಸ ಆಗುತ್ತದೆ ಅನ್ನುವುದು. ಆದರೆ ಎರಡೂ ಒಂದೇ ಲೆಕ್ಕದ ಎರಡು ತುದಿಗಳು. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ.

ಎಕ್ಸ್‌ಮ್ಯಾಕ್ಸ್ 300ನ್ನೇ ಮತ್ತೆ ತೆಗೆದುಕೊಳ್ಳಿ. ಗರಿಷ್ಠ ಟಾರ್ಕ್ 29 ನ್ಯೂಟನ್ ಮೀಟರ್, 5750 ಆರ್‌ಪಿಎಂನಲ್ಲಿ. ಆಗ ಅದು ಕೊಡುತ್ತಿರುವ ಪವರ್ ಸುಮಾರು 17.5 ಕಿಲೋವ್ಯಾಟ್. ಗರಿಷ್ಠ ಪವರ್ 20.6 ಕಿಲೋವ್ಯಾಟ್, 7250 ಆರ್‌ಪಿಎಂನಲ್ಲಿ. ಅಲ್ಲಿ ಟಾರ್ಕ್ ಇಳಿದು ಸುಮಾರು 27 ಆಗಿರುತ್ತದೆ. ಅಂದರೆ ಮೇಲಿನ 1500 ಆರ್‌ಪಿಎಂ ಉದ್ದಕ್ಕೂ ಟಾರ್ಕ್ ಹೆಚ್ಚೇನೂ ಬಿದ್ದಿಲ್ಲ. ನೋಡಬೇಕಾದ್ದು ಇದನ್ನೇ. ಓಡಿಸುವಾಗ ಇಂಜಿನ್ ಎಳೆತ ಒಂದೇ ಸಮ ಇದೆ ಅನ್ನಿಸುವುದು ಇಂಥ ಗಾಡಿಯಲ್ಲಿ.

ಇನ್ನು ಏರಾಕ್ಸ್ 155 ನೋಡಿ. 13.9 ನ್ಯೂಟನ್ ಮೀಟರ್ 6500ರಲ್ಲಿ, 11 ಕಿಲೋವ್ಯಾಟ್ 8000ದಲ್ಲಿ. ಚಿಕ್ಕ ಇಂಜಿನ್, ಆದ್ದರಿಂದ ಜಾಸ್ತಿ ಸುತ್ತಬೇಕು. ಅದಕ್ಕೇ ಅದರಲ್ಲಿ ವಾಲ್ವ್ ಟೈಮಿಂಗ್ (ವಾಲ್ವ್ ತೆರೆದು ಮುಚ್ಚುವ ಸಮಯ) ಬದಲಿಸುವ ವ್ಯವಸ್ಥೆ ಇಟ್ಟಿದ್ದಾರೆ. 6000 ಆರ್‌ಪಿಎಂ ಹತ್ತಿರ ವಾಲ್ವ್ ತೆರೆಯುವ ಕ್ಯಾಮ್ ಬದಲಾಗಿ ಮೇಲಿನ ಎಳೆತ ಬಿಗಿಯಾಗುತ್ತದೆ.

ಸ್ಕೂಟರ್ ವಿಷಯದಲ್ಲಿ ನಾನು ಮೊದಲು ನೋಡುವುದು ಟಾರ್ಕ್ ಎಷ್ಟು ಅಂತಲ್ಲ, ಎಷ್ಟು ಕೆಳಗಿನ ಆರ್‌ಪಿಎಂನಲ್ಲಿ ಬರುತ್ತದೆ ಅಂತ. ವೆಸ್ಪಾ ಜಿಟಿಎಸ್ 300ರ 26 ನ್ಯೂಟನ್ ಮೀಟರ್ 5250ರಲ್ಲೇ ಸಿಗುತ್ತದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸುವಾಗ ಕೈಗೆ ಸಿಗುವುದು ಈ ಕೆಳಗಿನ ಎಳೆತ. ತುತ್ತತುದಿಯ ಪವರ್ ದಿನಕ್ಕೆ ಎಷ್ಟು ಸಲ ಬಳಸುತ್ತೀರಿ ಅಂತ ನೀವೇ ಹೇಳಿ.

ಗೇರೇ ಇಲ್ಲದೆ ಇದು ನಡೆಯುವುದು ಹೇಗೆ? ಥ್ರಾಟಲ್ ತಿರುಗಿಸಿದರೆ ಮೊದಲು ಸದ್ದು ಬರುತ್ತದೆ, ಆಮೇಲೆ ವೇಗ ಬರುತ್ತದೆ, ಯಾಕೆ?

ಇಡೀ ಸ್ಕೂಟರಿನ ಸ್ವಭಾವ ಕೂತಿರುವುದು ಎಡಗಡೆಯ ಆ ಉದ್ದನೆಯ ಕವರ್ ಒಳಗೆ. ಅದರ ಹೆಸರು ಸಿವಿಟಿ. ಗೇರ್ ಇರುವ ಸೈಕಲ್ಲಿನಲ್ಲಿ ಚೈನು ದೊಡ್ಡ ಹಲ್ಲಿನಿಂದ ಚಿಕ್ಕ ಹಲ್ಲಿಗೆ ಹಾರುತ್ತದಲ್ಲ, ಇಲ್ಲಿ ಹಾರುವುದಿಲ್ಲ, ಜಾರುತ್ತದೆ.

ಮುಂದೊಂದು ಪುಲ್ಲಿ, ಹಿಂದೊಂದು ಪುಲ್ಲಿ, ನಡುವೆ ವಿ ಆಕಾರದ ರಬ್ಬರ್ ಬೆಲ್ಟ್. ಮುಂದಿನ ಪುಲ್ಲಿ ಇಂಜಿನ್ ಜೊತೆ ತಿರುಗುತ್ತದೆ. ಅದರ ಒಂದು ಹೋಳು ಗಟ್ಟಿಯಾಗಿ ನಿಂತಿರುತ್ತದೆ, ಇನ್ನೊಂದು ಸರಿದಾಡುತ್ತದೆ. ಸರಿದಾಡುವ ಹೋಳಿನ ಬೆನ್ನಿಗೆ ರೋಲರುಗಳಿರುತ್ತವೆ. ಇದೇ ವೇರಿಯೇಟರ್. ಇಂಜಿನ್ ವೇಗ ಹೆಚ್ಚಿದಂತೆ ರೋಲರುಗಳು ಹೊರಕ್ಕೆ ಚಿಮ್ಮಿ ಆ ಹೋಳನ್ನು ಒಳಕ್ಕೆ ತಳ್ಳುತ್ತವೆ. ಹೋಳುಗಳು ಹತ್ತಿರವಾದಂತೆ ಬೆಲ್ಟ್ ಮೇಲಕ್ಕೆ ಏರುತ್ತದೆ. ಹಿಂದಿನ ಪುಲ್ಲಿಯಲ್ಲಿ ಇದರ ಉಲ್ಟಾ: ಬೆಲ್ಟ್ ಸ್ಪ್ರಿಂಗನ್ನು ಒತ್ತಿಕೊಂಡು ಒಳಕ್ಕೆ ಇಳಿಯುತ್ತದೆ. ಹೀಗೆ ಗೇರ್ ತಾನಾಗಿಯೇ ಎತ್ತರಕ್ಕೆ ಹೋಗುತ್ತದೆ.

ಹಿಂದಿನ ಪುಲ್ಲಿಯಲ್ಲಿ ಇನ್ನೊಂದು ಜಾಣ ಕೆಲಸ ಇದೆ. ಅದರ ಎರಡು ಹೋಳುಗಳ ನಡುವೆ ಓರೆಯಾದ ತೋಡು ಕೊರೆದಿರುತ್ತಾರೆ. ಏರು ರಸ್ತೆ ಸಿಕ್ಕಿ ಚಕ್ರದ ಮೇಲೆ ಭಾರ ಬಿದ್ದಾಗ, ಆ ಓರೆಯಿಂದಾಗಿ ಹೋಳುಗಳು ಬೆಲ್ಟನ್ನು ಅಮುಕಿ ಹಿಡಿಯುತ್ತವೆ, ಬೆಲ್ಟ್ ಹಿಂದೆ ಮೇಲಕ್ಕೆ ಬರುತ್ತದೆ. ಅಂದರೆ ಗೇರ್ ಇಳಿಯಿತು. ನೀವು ಏನೂ ಮಾಡಿಲ್ಲ, ಇಂಜಿನ್ ಸದ್ದು ಮಾತ್ರ ಏರಿತು.

ಈಗ ಸದ್ದಿನ ಪ್ರಶ್ನೆ. ಪೂರ್ತಿ ಥ್ರಾಟಲ್ ಕೊಟ್ಟಾಗ ಇಂಜಿನ್ ತನ್ನ ಪವರ್ ಚೆನ್ನಾಗಿ ಸಿಗುವ ಆರ್‌ಪಿಎಂಗೆ ಏರಿ ಅಲ್ಲೇ ನಿಲ್ಲುತ್ತದೆ. ವೇಗ ಹೆಚ್ಚಿಸುವ ಕೆಲಸ ಆಮೇಲೆ ಬೆಲ್ಟಿನದ್ದು. ಕಿವಿಗೆ ಒಂದೇ ಸ್ವರ, ಮೀಟರಿನಲ್ಲಿ ಮುಳ್ಳು ಏರುತ್ತಲೇ ಇರುತ್ತದೆ. ಬೈಕಿನಿಂದ ಬಂದವರಿಗೆ ಇದು ಕ್ಲಚ್ ಜಾರಿದ ಹಾಗೆ ಅನ್ನಿಸುತ್ತದೆ. ದೋಷ ಅಲ್ಲ, ಅದು ಹಾಗೇ.

ನಿಂತಲ್ಲಿಂದ ಹೊರಡುವ ಕ್ಷಣ ಬೇರೆ. ಹಿಂದಿನ ಪುಲ್ಲಿಯ ಪಕ್ಕದ ಸೆಂಟ್ರಿಫ್ಯೂಗಲ್ ಕ್ಲಚ್ (ಸುತ್ತುವ ವೇಗ ಹೆಚ್ಚಿದಾಗ ತಾನೇ ಹಿಡಿದುಕೊಳ್ಳುವ ಕ್ಲಚ್) ಸಾಮಾನ್ಯವಾಗಿ 3000 ಆರ್‌ಪಿಎಂ ಆಸುಪಾಸಿನಲ್ಲಿ ಹಿಡಿಯುತ್ತದೆ. ಅಲ್ಲಿಯವರೆಗೆ ಇಂಜಿನ್ ಓಡುತ್ತದೆ, ಗಾಡಿ ನಿಂತಿರುತ್ತದೆ. ಆ ಅರ್ಧ ಕ್ಷಣದ ತಡ ಇದರಿಂದ.

ರೋಲರ್ ಬದಲಿಸಿದರೆ ಪಿಕಪ್ ಜಾಸ್ತಿ ಆಗುತ್ತದಂತೆ, ನಿಜನಾ?

ನಿಜ, ಆದರೆ ಬಿಟ್ಟಿ ಸಿಗುವುದಿಲ್ಲ. ರೋಲರ್ ಹಗುರವಾದರೆ ಬೆಲ್ಟ್ ತಡವಾಗಿ ಏರುತ್ತದೆ, ಇಂಜಿನ್ ಜಾಸ್ತಿ ಆರ್‌ಪಿಎಂನಲ್ಲಿ ಓಡುತ್ತದೆ. ಪಿಕಪ್ ಚುರುಕಾಗುತ್ತದೆ, ಸದ್ದು ಮತ್ತು ಪೆಟ್ರೋಲ್ ಖರ್ಚೂ ಏರುತ್ತದೆ. ಭಾರದ ರೋಲರ್ ಹಾಕಿದರೆ ಓಟ ಮೆತ್ತಗಾಗುತ್ತದೆ, ಏರಿನಲ್ಲಿ ಉಸಿರುಗಟ್ಟುತ್ತದೆ. ಇಂಜಿನ್ನಿನ ಪವರ್ ಮಾತ್ರ ಒಂದು ಗ್ರಾಂ ಕೂಡ ಹೆಚ್ಚುವುದಿಲ್ಲ. ಕಂಪನಿ ಹಾಕಿಕೊಟ್ಟಿದ್ದು ಸದ್ದು, ಮೈಲೇಜ್, ಪಿಕಪ್ ಮೂರನ್ನೂ ತೂಗಿ ನೋಡಿದ ತೂಕ. ಸವೆದ ರೋಲರಿನ ಜಾಗಕ್ಕೆ ಅದೇ ತೂಕದ ಹೊಸದು ಹಾಕಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಟಾಪ್ ಸ್ಪೀಡ್ ಎಷ್ಟು? ಮೀಟರಿನಲ್ಲಿ ಕಂಡಿದ್ದು ನಿಜವಾದ ವೇಗನಾ?

ಅಲ್ಲ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು ಅಂತ ವಿಶ್ವಸಂಸ್ಥೆಯ ವಾಹನ ನಿಯಮ 39 ಹೇಳುತ್ತದೆ. ಸ್ವಲ್ಪ ಜಾಸ್ತಿ ತೋರಿಸಬಹುದು. ಹಾಗಾಗಿ ಕಂಪನಿಗಳು ಮೊದಲೇ ಜಾಸ್ತಿ ತೋರಿಸುವ ಹಾಗೆ ಇಟ್ಟಿರುತ್ತವೆ. ಫೋನಿನ ಜಿಪಿಎಸ್ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ.

ನಿಜವಾದ ವೇಗದ ಲೆಕ್ಕದಲ್ಲಿ 300–350 ಸಿಸಿ ಸ್ಕೂಟರುಗಳು ಸಾಮಾನ್ಯವಾಗಿ ಗಂಟೆಗೆ 130ರ ಆಸುಪಾಸಿಗೆ ಹೋಗುತ್ತವೆ. ಅಲ್ಲಿಂದ ಮುಂದೆ ಹೋಗುವುದು ಯಾಕೆ ಕಷ್ಟ ಅಂದರೆ ಗಾಳಿ. ಗಾಳಿಯನ್ನು ಸೀಳಲು ಬೇಕಾದ ಪವರ್ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 90ರಲ್ಲಿ ಬೇಕಾದ್ದಕ್ಕಿಂತ 120ರಲ್ಲಿ ಸುಮಾರು 2.4 ಪಟ್ಟು ಬೇಕು. ಅದಕ್ಕೇ ಪವರ್ ದುಪ್ಪಟ್ಟು ಮಾಡಿದರೂ ಟಾಪ್ ಸ್ಪೀಡ್ ದುಪ್ಪಟ್ಟಾಗುವುದಿಲ್ಲ.

ಟಾಪ್ ಸ್ಪೀಡ್ ಕೇಳುವ ಬದಲು 80ರಿಂದ 110ಕ್ಕೆ ಎಷ್ಟು ಬೇಗ ಹೋಗುತ್ತದೆ ಅಂತ ಕೇಳಿ. ಲಾರಿಯನ್ನು ದಾಟುವಾಗ ಬೇಕಾಗುವುದು ಅದು. 155ಕ್ಕೂ 300ಕ್ಕೂ ಅಜಗಜಾಂತರ ಕಾಣುವುದು ಇಲ್ಲೇ. 155 ತನ್ನ ಕೊನೆಯ ಶಕ್ತಿ ಹಾಕುತ್ತಿರುವಾಗ 300ರ ಹತ್ತಿರ ಇನ್ನೂ ಮಿಕ್ಕಿರುತ್ತದೆ.

ಹಿಂದೆ ಒಬ್ಬರು ಕೂತರೆ ಎಷ್ಟು ವ್ಯತ್ಯಾಸ?

ಲೆಕ್ಕ ಹಾಕಿಯೇ ನೋಡೋಣ. ಸವಾರ 70 ಕೆ.ಜಿ., ಹಿಂದೆ ಕೂತವರೂ 70 ಕೆ.ಜಿ. ಅಂದುಕೊಳ್ಳಿ. 126 ಕೆ.ಜಿ.ಯ ಏರಾಕ್ಸ್ 155ರಲ್ಲಿ ಒಬ್ಬರೇ ಇದ್ದಾಗ ಒಟ್ಟು 196 ಕೆ.ಜಿ., ಪ್ರತಿ ಕೆ.ಜಿ.ಗೆ 56 ವ್ಯಾಟ್. ಇಬ್ಬರಾದರೆ 41 ವ್ಯಾಟ್. 2017ರ ಎಕ್ಸ್‌ಮ್ಯಾಕ್ಸ್ 300 ತೂಕ 179 ಕೆ.ಜಿ. ಒಬ್ಬರಿಗೆ ಪ್ರತಿ ಕೆ.ಜಿ.ಗೆ 83 ವ್ಯಾಟ್, ಇಬ್ಬರಿಗೆ 65.

ಗಮನಿಸಿದಿರಾ? ಇಬ್ಬರು ಕೂತ 300, ಒಬ್ಬರೇ ಕೂತ 155ಕ್ಕಿಂತ ಚುರುಕಾಗಿದೆ. ಯಾವಾಗಲೂ ಇಬ್ಬರೇ ಓಡಾಡುವವರಾದರೆ ಈ ಒಂದು ಲೆಕ್ಕ ಸಾಕು. ಒಬ್ಬರೇ ಓಡಾಡುವವರು, ಅದರಲ್ಲೂ ಊರೊಳಗೇ, ಅಂದರೆ 50 ಕೆ.ಜಿ. ಹೆಚ್ಚುವರಿ ತೂಕವನ್ನು ಪಾರ್ಕಿಂಗಿನಲ್ಲಿ ದಿನಾ ತಳ್ಳುವುದು ಸುಮ್ನೆ ಯಾಕೆ?

ಹಾಳೆಯಲ್ಲಿ ತೂಕ ಓದುವಾಗ ಅದು ಕರ್ಬ್ ತೂಕವೋ ಡ್ರೈ ತೂಕವೋ ನೋಡಿಕೊಳ್ಳಿ. ಡ್ರೈ ತೂಕದಲ್ಲಿ ಪೆಟ್ರೋಲ್, ಆಯಿಲ್, ಕೂಲಂಟ್ (ಇಂಜಿನ್ ತಂಪು ಮಾಡುವ ದ್ರವ) ಸೇರಿರುವುದಿಲ್ಲ. 13 ಲೀಟರ್ ಪೆಟ್ರೋಲೇ ಸುಮಾರು 10 ಕೆ.ಜಿ. ಆಗುತ್ತದೆ. ಹಾಗೆಯೇ, ಗಾಡಿ ಹೊರಬಹುದಾದ ಒಟ್ಟು ತೂಕದಿಂದ ಕರ್ಬ್ ತೂಕ ಕಳೆದರೆ ಉಳಿಯುವುದು ನಿಮ್ಮಿಬ್ಬರ ಮತ್ತು ಸಾಮಾನಿನ ಪಾಲು. ಸೀಟಿನ ಕೆಳಗೆ ಎರಡು ಹೆಲ್ಮೆಟ್ ಹಿಡಿಸುವಷ್ಟು ಜಾಗ ಇದೆ ಅಂತ ಅದನ್ನು ಪೂರ್ತಿ ತುಂಬಿದರೆ ಈ ಪಾಲು ಬೇಗ ಮುಗಿಯುತ್ತದೆ.

ಮೈಲೇಜ್ ಎಷ್ಟು ಕೊಡುತ್ತದೆ?

300 ಸಿಸಿ ದರ್ಜೆಯಲ್ಲಿ ಲೀಟರಿಗೆ 30 ಕಿ.ಮೀ. ಸುತ್ತಮುತ್ತ ಇಟ್ಟುಕೊಳ್ಳಿ, 150–160ರಲ್ಲಿ 40ರ ಆಸುಪಾಸು. ಹಾಳೆಯಲ್ಲಿ ಡಬ್ಲ್ಯುಎಂಟಿಸಿ ಅಂತ ಬರೆದಿದ್ದರೆ ಅದು ಲ್ಯಾಬಿನಲ್ಲಿ ರೋಲರಿನ ಮೇಲೆ, ನಿಗದಿ ಮಾಡಿದ ವೇಗದ ಏರಿಳಿತದಲ್ಲಿ ಓಡಿಸಿ ಅಳೆದದ್ದು. ಎರಡು ಗಾಡಿಗಳನ್ನು ಹೋಲಿಸಲು ಒಳ್ಳೆಯದು, ನಿಮ್ಮ ರಸ್ತೆಯಲ್ಲಿ ಅಷ್ಟೇ ಬರುತ್ತದೆ ಅನ್ನಲು ಅಲ್ಲ. 100 ಕಿ.ಮೀ.ಗೆ ಇಷ್ಟು ಲೀಟರ್ ಅಂತ ಕೊಟ್ಟಿದ್ದರೆ 100ನ್ನು ಆ ಅಂಕಿಯಿಂದ ಭಾಗಿಸಿ. 3.3 ಅಂದರೆ ಲೀಟರಿಗೆ 30.

ದೂರ ಹೋಗುವವರು ಟ್ಯಾಂಕ್ ಕೂಡ ನೋಡಬೇಕು. ವೆಸ್ಪಾ ಜಿಟಿಎಸ್ 300ರದು 8.5 ಲೀಟರ್, ಎಕ್ಸ್‌ಮ್ಯಾಕ್ಸಿನದು 13 ಲೀಟರ್. ಎರಡಕ್ಕೂ 30ರ ಮೈಲೇಜ್ ಹಿಡಿದರೂ ಒಂದು 255 ಕಿ.ಮೀ., ಇನ್ನೊಂದು 390 ಕಿ.ಮೀ.

ಚಿಕ್ಕ ಚಕ್ರ ಇದ್ದರೆ ಏನಾಗುತ್ತದೆ?

ಗುಂಡಿ ದೊಡ್ಡದಾಗಿ ಕಾಣುತ್ತದೆ! 12 ಇಂಚಿನ ರಿಮ್ಮಿಗೆ 120/70 ಟೈರ್ ಹಾಕಿದರೆ ಹೊರಗಿನ ವ್ಯಾಸ ಸುಮಾರು 473 ಮಿ.ಮೀ. ಅದೇ ಟೈರ್ 15 ಇಂಚಿನ ರಿಮ್ಮಿಗಾದರೆ 549 ಮಿ.ಮೀ. ದೊಡ್ಡ ಚಕ್ರ ಗುಂಡಿಯ ಅಂಚನ್ನು ಮೆಲ್ಲಗೆ ಹತ್ತುತ್ತದೆ, ವೇಗದಲ್ಲಿ ನೇರವಾಗಿ ನಿಲ್ಲುತ್ತದೆ. ಚಿಕ್ಕದು ತಿರುವಿನಲ್ಲಿ ಚುರುಕು, ಜೊತೆಗೆ ಸೀಟಿನ ಕೆಳಗೆ ಜಾಗ ಉಳಿಸುತ್ತದೆ.

ಆದರೆ ಸ್ಕೂಟರ್ ಹಿಂದುಗಡೆ ದಡಬಡ ಅನ್ನುವುದಕ್ಕೆ ಚಕ್ರ ಒಂದೇ ಕಾರಣ ಅಲ್ಲ. ಹೆಚ್ಚಿನ ಸ್ಕೂಟರುಗಳಲ್ಲಿ ಇಂಜಿನ್, ಸಿವಿಟಿ, ಹಿಂದಿನ ಚಕ್ರ ಎಲ್ಲ ಸೇರಿ ಒಂದೇ ತುಂಡು. ಚಕ್ರ ಗುಂಡಿಗೆ ಬಿದ್ದಾಗ ಅಷ್ಟೂ ಭಾರ ಮೇಲೆ ಕೆಳಗೆ ಕುಣಿಯಬೇಕು. ಶಾಕ್ ಅಬ್ಸಾರ್ಬರ್ ಎಷ್ಟೇ ಒಳ್ಳೆಯದಿದ್ದರೂ ಅಷ್ಟು ಭಾರವನ್ನು ಹಿಡಿಯುವುದು ಕಷ್ಟ. ಟಿಮ್ಯಾಕ್ಸಿನಲ್ಲಿ ಇಂಜಿನ್ನನ್ನು ಬೈಕಿನ ಹಾಗೆ ಫ್ರೇಮಿಗೇ ಕೂರಿಸಿದ್ದು ಇದೇ ಕಾರಣಕ್ಕೆ.

ಟೈರ್ ಮೇಲಿನ ಬರಹವನ್ನೂ ಓದಿ. 140/70-14 62ಪಿ ಅಂತ ಇದ್ದರೆ ಅಗಲ 140 ಮಿ.ಮೀ., ಎತ್ತರ ಅದರ 70 ಶೇಕಡಾ, ರಿಮ್ 14 ಇಂಚು. 62 ಅಂದರೆ 265 ಕೆ.ಜಿ. ಹೊರಬಹುದು, ಪಿ ಅಂದರೆ ಗಂಟೆಗೆ 150 ಕಿ.ಮೀ.ವರೆಗೆ. ಟೈರ್ ಬದಲಿಸುವಾಗ ಕೊನೆಯ ಆ ಎರಡು ಗುರುತುಗಳು ಕೆಳಗಿಳಿಯಬಾರದು.

ಎಬಿಎಸ್ ಬೇಕೇ ಬೇಕಾ, ಸಿಬಿಎಸ್ ಸಾಲದಾ?

ಸಿಬಿಎಸ್ ಒಂದು ಲಿವರ್ ಹಿಡಿದರೆ ಎರಡೂ ಚಕ್ರಕ್ಕೆ ಬ್ರೇಕ್ ಹಂಚುತ್ತದೆ. ಚಕ್ರ ಲಾಕ್ ಆಗುವುದನ್ನು ತಡೆಯುವುದಿಲ್ಲ. ತಡೆಯುವುದು ಎಬಿಎಸ್. ಸಿಂಗಲ್ ಚಾನೆಲ್ ಆದರೆ ಸಾಮಾನ್ಯವಾಗಿ ಮುಂದಿನ ಚಕ್ರಕ್ಕೆ ಮಾತ್ರ.

ಬ್ರೇಕಿಂಗ್ ದೂರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೆ 60ರಿಂದ ನಿಲ್ಲಲು ಸುಮಾರು 20 ಮೀಟರ್, 100ರಿಂದ ಸುಮಾರು 55 ಮೀಟರ್. ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ 100ರ ವೇಗದಲ್ಲಿ ಇನ್ನೂ 28 ಮೀಟರ್ ಹೋಗಿರುತ್ತೀರಿ. 100ಕ್ಕೆ ಹೋಗಬಲ್ಲ ಗಾಡಿಗೆ ಎರಡು ಚಕ್ರಕ್ಕೂ ಎಬಿಎಸ್ ಇರಬೇಕು ಅನ್ನುವುದು ನನ್ನ ಮಾತು. ಇದರಲ್ಲಿ ರಾಜಿ ಬೇಡ. ಸ್ಮಾರ್ಟ್ ಕೀ, ಬಣ್ಣದ ಡಿಸ್‌ಪ್ಲೇ ಎಲ್ಲ ಆಮೇಲೆ.

ಲಿಕ್ವಿಡ್ ಕೂಲಿಂಗ್ ಬೇಕಾ?

ಈ ದರ್ಜೆಯಲ್ಲಿ ಹೆಚ್ಚಿನವಕ್ಕೆ ಇದ್ದೇ ಇರುತ್ತದೆ. ಬಿಸಿ ಹತೋಟಿಯಲ್ಲಿದ್ದರೆ ಕಂಪ್ರೆಷನ್ ಹೆಚ್ಚಿಸಬಹುದು, ಗಂಟೆಗಟ್ಟಲೆ ಓಡಿಸಿದರೂ ಪವರ್ ಕುಗ್ಗುವುದಿಲ್ಲ. ಕೂಲಂಟ್ ಮಟ್ಟ ಆಗಾಗ ನೋಡಿ, ಸಾಕು.

ನನ್ನ ಎತ್ತರ ಕಡಿಮೆ. ಸೀಟ್ ಎತ್ತರ 795 ಮಿ.ಮೀ. ಅಂದರೆ ಕಾಲು ನೆಲಕ್ಕೆ ಸಿಗುತ್ತದಾ?

ಆ ಅಂಕಿ ಅರ್ಧ ಮಾತ್ರ ಹೇಳುತ್ತದೆ. ಇವುಗಳ ಸೀಟ್ ಅಗಲ. ಕಾಲು ಮೊದಲು ಪಕ್ಕಕ್ಕೆ ಹೋಗಿ ಆಮೇಲೆ ಕೆಳಗೆ ಇಳಿಯಬೇಕು. ಅದೇ ಎತ್ತರದ ಬೈಕಿನಲ್ಲಿ ಪಾದ ಪೂರ್ತಿ ಊರುವವರು ಇಲ್ಲಿ ತುದಿಗಾಲಲ್ಲಿ ನಿಲ್ಲಬಹುದು. ಎಕ್ಸ್‌ಮ್ಯಾಕ್ಸ್, ಫೋರ್ಜಾ ತರಹದವಕ್ಕೆ ನಡುವೆ ಎತ್ತರದ ದಿಬ್ಬವೂ ಇದೆ, ಚಪ್ಪಟೆ ಫ್ಲೋರ್ ಇಲ್ಲ. ಹತ್ತಿ ಕೂತು ನೋಡದೆ ತೀರ್ಮಾನ ಮಾಡಬೇಡಿ.

ಎಲೆಕ್ಟ್ರಿಕ್ ಸ್ಕೂಟರನ್ನು ಇವುಗಳ ಜೊತೆ ಹೋಲಿಸುವುದು ಹೇಗೆ?

ಸಿಸಿ ಇಲ್ಲ, ಹಾಗಾಗಿ ಪವರ್ ನೋಡಬೇಕು. ಅದರಲ್ಲೂ ಎರಡು ಅಂಕಿ ಇರುತ್ತವೆ. ಬಿಎಂಡಬ್ಲ್ಯು ಸಿಇ 04ರ ಗರಿಷ್ಠ ಪವರ್ 31 ಕಿಲೋವ್ಯಾಟ್, ಆದರೆ ನಿರಂತರವಾಗಿ ಕೊಡಬಲ್ಲದ್ದು 15 ಕಿಲೋವ್ಯಾಟ್. ಮೊದಲನೆಯದು ಸಿಗ್ನಲ್ ಬಿಟ್ಟ ಕೂಡಲೇ ಜಿಗಿಯಲು. 0ಯಿಂದ 50ಕ್ಕೆ 2.6 ಸೆಕೆಂಡ್ ಅನ್ನುತ್ತದೆ ಕಂಪನಿ, 300 ಸಿಸಿಯವೆಲ್ಲ ಹಿಂದೆ ಉಳಿಯುತ್ತವೆ. ಆದರೆ ಹೆದ್ದಾರಿಯಲ್ಲಿ ಒಂದೇ ಸಮ ಓಡಿಸಿದರೆ ಸುಮಾರು 130 ಕಿ.ಮೀ. ಅಂತ ಹೇಳಿದ ರೇಂಜ್ ಬೇಗ ಕರಗುತ್ತದೆ. ಮತ್ತೆ ಅದೇ ಗಾಳಿಯ ಲೆಕ್ಕ.

ಮೊದಲಿನ ಹಾಗೆ ಓಡುತ್ತಿಲ್ಲ. ಎಲ್ಲಿಂದ ನೋಡಲಿ?

ಕೈಯಲ್ಲಾಗುವುದರಿಂದ ಶುರು ಮಾಡಿ. ಟೈರ್ ಗಾಳಿ, ಏರ್ ಫಿಲ್ಟರ್, ಬ್ರೇಕ್ ಅಂಟಿಕೊಂಡಿದೆಯಾ ಅಂತ. ಮೇನ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಮಾಡಿ ಹಿಂದಿನ ಚಕ್ರ ಕೈಯಿಂದ ತಿರುಗಿಸಿದರೆ ಬ್ರೇಕ್ ವಿಷಯ ಗೊತ್ತಾಗುತ್ತದೆ.

ಅವೆಲ್ಲ ಸರಿ ಇದ್ದರೆ ಸಿವಿಟಿ ಕವರ್ ತೆಗೆಸಿ. ಪಿಕಪ್ ಚೆನ್ನಾಗಿದ್ದು ಟಾಪ್ ಸ್ಪೀಡ್ ಮಾತ್ರ ಇಳಿದಿದ್ದರೆ ಬೆಲ್ಟ್ ಮೇಲೆ ಅನುಮಾನ. ಸವೆದು ಅಗಲ ಕಡಿಮೆಯಾದ ಬೆಲ್ಟ್ ಮುಂದಿನ ಪುಲ್ಲಿಯ ತುದಿವರೆಗೆ ಏರಲಾರದು. ಮೆಕ್ಯಾನಿಕ್ ವರ್ನಿಯರ್ ಕ್ಯಾಲಿಪರ್ ಇಟ್ಟು ಅಗಲ ಅಳೆಯಲಿ, ಎಷ್ಟರ ಕೆಳಗೆ ಬದಲಿಸಬೇಕು ಅಂತ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಯಾವುದೋ ಒಂದು ವೇಗದಲ್ಲಿ ತಡವರಿಸಿದರೆ ರೋಲರುಗಳು ಒಂದು ಕಡೆ ಚಪ್ಪಟೆಯಾಗಿರಬಹುದು. ಹೊರಡುವಾಗ ಗಡಗಡ ನಡುಗಿದರೆ ಕ್ಲಚ್ ಶೂ ಅಥವಾ ಅದು ಉಜ್ಜುವ ಡ್ರಮ್ ಹೊಳಪು ಹಿಡಿದಿದೆ. ಏರಿನಲ್ಲಿ ಇಂಜಿನ್ ಸದ್ದು ಏರದೆ ಗಾಡಿ ಸೋಲುತ್ತಿದ್ದರೆ ಹಿಂದಿನ ಪುಲ್ಲಿಯ ಸ್ಪ್ರಿಂಗ್ ಸೋತಿರಬಹುದು.

ಏನೂ ತೊಂದರೆ ಕಾಣದಿದ್ದರೂ ಬೆಲ್ಟನ್ನು ಮ್ಯಾನ್ಯುಯಲ್ ಹೇಳಿದ ಕಿ.ಮೀ.ಗೆ ಬದಲಿಸಿ. ಹಲವು ಗಾಡಿಗಳಿಗೆ ಅದು 20,000 ಕಿ.ಮೀ. ಆಸುಪಾಸು. ಬೆಲ್ಟ್ ತುಂಡಾದರೆ ಇಂಜಿನ್ ಓಡುತ್ತಲೇ ಇರುತ್ತದೆ, ಗಾಡಿ ಮಾತ್ರ ಒಂದಡಿ ಮುಂದೆ ಹೋಗುವುದಿಲ್ಲ. ಬೆಲ್ಟ್ ಬದಲಿಸುವಾಗಲೇ ರೋಲರ್ ನೋಡಿಸಿ, ಹಿಂದಿನ ಗೇರ್ ಆಯಿಲ್ ಬದಲಿಸುವ ಸಮಯ ಬಂದಿದ್ದರೆ ಅದನ್ನೂ ಆಗಲೇ ಮುಗಿಸಿಬಿಡಿ.